ಪಾಪಮ್ಮತ್ತೆ ‘ತಿಳೀತು’ ಅನ್ನುವ ತನಕ

ಧರ್ಮಪುರಿ ಜಿಲ್ಲೆ, ನಲ್ಲಂಪಳ್ಳಿ ಪಕ್ಕದ ನಿನ್ನೂರಿನಿಂದ
16-2-2025

ಪ್ರೀತಿಯ ಸೊಣ್ಣಮ್ಮಕ್ಕನಿಗೆ ರಂಗನಾಯಕಿ ಮಾಡುವ ನಮಸ್ಕಾರ.

ನಿನ್ನ ಪತ್ರ ಬಂದು ತಿಂಗಳಾಯಿತು. ತಡವಾಗಿದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಓದು. ನೀನು ಆನೇಕಲ್ಲಿನಿಂದ ಸೊಸೆಯಾಗಿ ಬಂದು ನನಗೆ ಕಲಿಸಿದ ಕನ್ನಡ ಅಕ್ಷರ ಈಗ ಕೈಗೆ ಬೇಗ ಬರುವುದಿಲ್ಲ. ಶಂಕಗಿರಿಯಲ್ಲಿ ಮಗಳು ಸಂಧ್ಯಾಳ ಮನೆ ಒಗ್ಗಿತೇ? ಆ ಲಾರಿಗಳ ಸದ್ದಿನಲ್ಲಿ ನಿದ್ದೆ ಬರುತ್ತದೆಯೇ?

ಇಲ್ಲಿಯ ಸುದ್ದಿ ನಿನಗೆ ಗೊತ್ತೇ ಇದೆ. ನಮ್ಮ ಪಂಚಾಯಿತಿ ಹೋಯಿತು, ಊರು ಪಟ್ಟಣಕ್ಕೆ ಸೇರಿತು. ಮೊನ್ನೆ ಬೋರ್ಡು ಇಳಿಸಿದರು. ಗೋಡೆ ಅಷ್ಟಗಲ ಮಾತ್ರ ಬೆಳ್ಳಗಿದೆ. ಹಳೇ ವಾರ್ಡ್ ಮೆಂಬರು ಕುಪ್ಪಸ್ವಾಮಿ ಬೀದಿದೀಪ ಉರಿಯುತ್ತಿಲ್ಲ ಎಂದು ಹೇಳಲು ಎರಡು ಬಸ್ಸು ಹತ್ತಿ ಹೋಗಿ, ಬೇರೆ ಕೌಂಟರಿಗೆ ಹೋಗು ಅನ್ನಿಸಿಕೊಂಡು ಬಂದ. ನಾನು ಪ್ರೆಸಿಡೆಂಟಾಗಿದ್ದಾಗ ನಮ್ಮ ಬಾಗಿಲಲ್ಲೇ ನಿಂತು ನನ್ನನ್ನು ಬೈಯುತ್ತಿದ್ದ. ಆ ಬೈಗುಳವೂ ಬೇಕೆನ್ನಿಸುತ್ತದೆ ಅಕ್ಕ.

ನಮಗೇ ಒಂದು ಪಂಚಾಯಿತಿ ಬೇಕೆಂದು ನೀನು ಧರ್ಮಪುರಿ ಕಲೆಕ್ಟರ್ ಆಫೀಸಿಗೆ ಅಲೆದದ್ದು, ಮೊದಲ ಪ್ರೆಸಿಡೆಂಟಾಗಿ ಹುಣಸೆಮರದ ಕೆಳಗೆ ಗ್ರಾಮಸಭೆ ಕೂರಿಸಿದ್ದು ಎಲ್ಲ ನೆನಪಾಗುತ್ತದೆ. ತೀರ್ಮಾನ ತಮಿಳಿನಲ್ಲಿ ಬರೆದರೂ ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಬೇಕು, ಅಕ್ಷರ ಬಾರದ ಪಾಪಮ್ಮತ್ತೆ ‘ತಿಳೀತು’ ಅಂದ ಮೇಲೆಯೇ ಸಹಿ ಹಾಕಬೇಕು. ಅದು ನೀನು ಇಟ್ಟ ಕಟ್ಟಳೆ. ಅತ್ತೆ ಬೇಕೆಂದೇ ಎರಡೆರಡು ಸಲ ಓದಿಸುತ್ತಿದ್ದಳು, ನಾವು ನಗುತ್ತಿದ್ದೆವು. ನೀನು ಒಂದು ದಿನ ಬಂದು ಆ ಮರದ ಕೆಳಗೆ ನನ್ನ ಪಕ್ಕ ಕೂತರೆ ಸಾಕು, ಬೇರೇನೂ ಬೇಡ.

ಸಂಧ್ಯಾಳಿಗೂ ಅವಳ ಕೂಸಿಗೂ ನನ್ನ ಆಶೀರ್ವಾದ. ಕೂಸಿನ ಹತ್ತಿರ ನೀನಾದರೂ ಕನ್ನಡದಲ್ಲೇ ಮಾತಾಡು.

ನಿನ್ನ
ರಂಗನಾಯಕಿ

ಮಡಿಸುವ ಮೊದಲು ಇನ್ನೊಂದು: ಮೇಲಿನವರೇ ಪಂಚಾಯಿತಿ ತೆಗೆದರು ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಅರ್ಧ ಸುಳ್ಳು. ಗಾಂಧಿ ಜಯಂತಿಯ ಕೊನೆಯ ಗ್ರಾಮಸಭೆಗೆ ಹೊಸ ಆಫೀಸರು ಬಂದಿದ್ದರು. ಕುಡಿಯುವ ನೀರಿನ ತೀರ್ಮಾನ ಎಂದು ಕಾಗದ ಕೊಟ್ಟರು. ನಾನು ಕನ್ನಡದಲ್ಲಿ ಓದಲು ಎದ್ದೆ. ಎಲ್ಲರಿಗೂ ತಮಿಳು ಬರುತ್ತದಲ್ಲ, ಇದೇಕೆ ಎಂದು ಅವರು ನಕ್ಕರು. ಹಿಂದೆ ಕೂತಿದ್ದ ನಮ್ಮ ಹುಡುಗಿಯರೂ ನಕ್ಕರು. ನನಗೆ ನಾಚಿಕೆಯಾಯಿತು ಅಕ್ಕ. ಓದದೆ ಮೊದಲ ಸಹಿ ಹಾಕಿದೆ. ಪ್ರೆಸಿಡೆಂಟಮ್ಮ ಹಾಕಿದಳೆಂದು ಊರೆಲ್ಲ ಹಾಕಿತು. ಆ ಕಾಗದದಲ್ಲಿ ನೀರಿನ ಸಾಲಿನ ಕೆಳಗೆ, ಪಟ್ಟಣಕ್ಕೆ ಸೇರಲು ಆಕ್ಷೇಪಣೆ ಇಲ್ಲ ಎಂದಿತ್ತು.

ಪಾಪಮ್ಮತ್ತೆ ದಿನಾ ಬಾಗಿಲಿಗೆ ಬಂದು ಒಂದೇ ಮಾತು ಕೇಳುತ್ತಾಳೆ: “ಅವತ್ತು ನಾನು ತಿಳೀತು ಅಂದೇ ಇಲ್ವಲ್ಲಮ್ಮೀ, ಎಂಗೆ ಸಹಿ ಆಕ್ದೆ?”