ಮುಖ ನೋಡಿ ಮಾಡುವ ರಕ್ತಪರೀಕ್ಷೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಮುಖ ನೋಡಿಯೇ ರಕ್ತ ಪರೀಕ್ಷಿಸುವ ವಿದ್ಯೆಯನ್ನು ಕಂಡುಹಿಡಿದ ತಮಗೆ ನಮಸ್ಕಾರ. ಆ ವಿದ್ಯೆಯ ಕೃಪೆಯಿಂದ ನನ್ನ ಅಕ್ಕನ ಲಿವರ್ ಕೈಕೊಟ್ಟಿದೆ.

ನಾವಿಬ್ಬರೂ ತಮ್ಮ ಬಡಾವಣೆಯ ಚಿಕಿತ್ಸಾಲಯದ ಹಾಸಿಗೆ ಹೊದಿಕೆ, ಬಿಳಿ ಕೋಟುಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವವರು. ಕೆಲವು ವರ್ಷಗಳ ಹಿಂದೆ ಅಲ್ಲಿ, ರಕ್ತದಿಂದ ರಕ್ತಕ್ಕೆ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ತಪಾಸಣೆಗೆಂದು ಮೇಜು ಹಾಕಿಸಿದಿರಿ. ಅಕ್ಕನಿಗೆ ಆಗ ಎಲ್ಲಿಲ್ಲದ ಸುಸ್ತು. ಬಟ್ಟೆಗಂಟು ಇಳಿಸಲು ಹೋದವಳು ಬೆರಳು ಚಾಚಿ ಕುಳಿತಳು. ನರ್ಸಮ್ಮ ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ಅಯ್ಯೋ ಅಕ್ಕಾ, ನಿಮಗ್ಯಾಕೆ ಇದು? ಇದೆಲ್ಲ ಚಟ ಇರೋರಿಗೆ, ಸೂಜಿ ಚುಚ್ಚಿಕೊಳ್ಳೋರಿಗೆ. ಮರ್ಯಾದಸ್ಥರನ್ನ ಕೂರಿಸಿ ಮುಜುಗರ ಮಾಡಬೇಡಿ ಅಂತ ಸಾಹೇಬರೇ ಹೇಳಿದ್ದಾರೆ."

ಅಕ್ಕ ನಗುತ್ತಾ ಮನೆಗೆ ಬಂದಳು. "ನೋಡೇ, ಪರೀಕ್ಷೆನೇ ಮಾಡದೆ ಪಾಸ್ ಮಾಡಿಬಿಟ್ರು!" ಎಂದಳು. ನಾನೂ ನಕ್ಕೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಸಾಹೇಬರೇ, ಸೂಜಿ ಎಂದರೆ ತಾವು ಏನೆಂದುಕೊಂಡಿದ್ದೀರಿ? ನಾವು ಚಿಕ್ಕವರಿದ್ದಾಗ ನಮ್ಮ ಬೀದಿಗೆ ಕಾಂಪೌಂಡರ್ ಮಾಮ ಬರುತ್ತಿದ್ದ. ಗಾಜಿನ ಸಿರಿಂಜು ಒಂದೇ, ಸೂಜಿ ಒಂದೇ. ಬೆಳಿಗ್ಗೆ ಒಮ್ಮೆ ಕುದಿಸಿದರೆ ಮುಗಿಯಿತು. ಮೇಷ್ಟರ ಮನೆ, ವಕೀಲರ ಮನೆ, ನಮ್ಮ ಮನೆ, ಎಲ್ಲರ ಸೊಂಟಕ್ಕೂ ಅದೇ. ನೆಗಡಿಗೂ ಇಂಜೆಕ್ಷನ್ ಕೊಡದವನು ಡಾಕ್ಟರೇ ಅಲ್ಲ ಎಂದು ನಂಬಿದ್ದ ಮರ್ಯಾದಸ್ಥರು ನಾವು. ಅಕ್ಕನಿಗೆ ಚುಚ್ಚಿ, ಸೂಜಿಯನ್ನು ಹತ್ತಿಯಿಂದ ಒರೆಸಿ, ನನಗೆ ಚುಚ್ಚುತ್ತಿದ್ದ. ಆ ಸೂಜಿಯೇನು ಮನೆತನ ವಿಚಾರಿಸಿಕೊಂಡು ಒಳಗಿಳಿಯುತ್ತಿತ್ತೇ?

ಇನ್ನು ಚಟವಿದ್ದವರು. ತಮ್ಮ ಮೇಜಿನ ಮುಂದೆ ಕೂತರೆ ಊರಿಗೆಲ್ಲ ಡಂಗುರ ಹೊಡೆದಂತೆ. ಅವರು ತಾನೇ ಏಕೆ ಬಂದಾರು? ಅವರದೂ ರಕ್ತವೇ, ಅವರದೂ ಜೀವವೇ. ಮರ್ಯಾದಸ್ಥರನ್ನು ತಾವು ಕೂರಿಸಲಿಲ್ಲ, ಉಳಿದವರು ಕೂರಲಿಲ್ಲ. ಕೊನೆಗೆ 'ನಮ್ಮಲ್ಲಿ ಒಬ್ಬ ರೋಗಿಯೂ ಇಲ್ಲ' ಎಂದು ಘೋಷಿಸಿ, ವೇದಿಕೆ ಹತ್ತಿ ಸನ್ಮಾನ ಮಾಡಿಸಿಕೊಂಡಿರಿ. ಆ ದಿನ ತಾವು ತೊಟ್ಟಿದ್ದ ಕೋಟಿಗೆ ಗಂಜಿ ಹಾಕಿದವಳು ನನ್ನ ಅಕ್ಕ.

ಈಗ ಅವಳ ಕಾಲು ಊದಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ, "ಮಾತ್ರೆ ತಗೊಂಡ್ರೆ ವೈರಸ್ ಹೋಗುತ್ತಮ್ಮ. ಆದ್ರೆ ಲಿವರ್ ಗಟ್ಟಿಯಾಗಿಬಿಟ್ಟಿದೆ, ಮೊದಲಿನ ಹಾಗಾಗೋದು ಕಷ್ಟ. ಆವಾಗ್ಲೇ ಬರಬಾರದಿತ್ತಾ?" ಎಂದರು. ಬಂದಿದ್ದಳು ತಾಯಿ, ಆವಾಗಲೇ ಬಂದಿದ್ದಳು! ಅದೇ ಮಾತ್ರೆಗಳು ತಮ್ಮ ಚಿಕಿತ್ಸಾಲಯದ ಬೀರುವಿನಲ್ಲಿ ಮುಚ್ಚಳ ತೆರೆಯದೆ ಕೂತಿವೆ. ರೋಗಿಗಳೇ ಇಲ್ಲದ ಬಡಾವಣೆಯಲ್ಲಿ ಅವುಗಳಿಗೇನು ಕೆಲಸ?

ಮೊನ್ನೆ ನಾನೂ ಹೋಗಿ ಬೆರಳು ಚಾಚಿದೆ. ಅದೇ ಮೇಜು, ಅದೇ ನಗು, ಅದೇ "ನಿಮಗ್ಯಾಕಕ್ಕಾ?" ಅಕ್ಕನಿಗೆ ಚುಚ್ಚಿದ ಸೂಜಿಯನ್ನೇ ನನಗೂ ಚುಚ್ಚಿದ್ದು ಎಂದೆ. "ಹಾಗಾದ್ರೆ ಸಾಹೇಬರನ್ನೇ ಕೇಳಿ" ಎಂದರು ನರ್ಸಮ್ಮ.

ಅದಕ್ಕೇ ಕೇಳುತ್ತಿದ್ದೇನೆ. ಬರುವ ಸೋಮವಾರ ಆ ಮೇಜಿನ ಮುಂದೆ ಎಲ್ಲರಿಗಿಂತ ಮೊದಲು ತಾವು ಕೂತು ಬೆರಳು ಚುಚ್ಚಿಸಿಕೊಳ್ಳಬೇಕು. ತಮ್ಮ ಹಿಂದೆ ನಾನು, ನನ್ನ ಹಿಂದೆ ಇಡೀ ಬೀದಿ. ಬಂದವರನ್ನು ಏಕೆ ಬಂದಿರಿ ಎಂದು ಯಾರೂ ಕೇಳಕೂಡದು. ತಾವೂ ನನ್ನ ವಾರಿಗೆಯವರೇ, ಸಾಹೇಬರೇ. ತಮ್ಮ ಬೀದಿಗೂ ಒಬ್ಬ ಕಾಂಪೌಂಡರ್ ಮಾಮ ಬರುತ್ತಿದ್ದಿರಬೇಕು.

ಇಂತಿ,
ತಮ್ಮ ದಯೆಯಿಂದ ಪರೀಕ್ಷೆಯಿಲ್ಲದೆ ಪಾಸಾಗಿರುವ,
ಇಸ್ತ್ರಿ ಅಂಗಡಿಯ ತಂಗಿ