ಸೆಂಟರ್ ಸ್ಪೀಕರಿನಲ್ಲಿ ಕೇಳಿಸಿದ ಮಾತು

ರೀ,

ಹೋಂ ಥಿಯೇಟರಿನಲ್ಲಿ ಮಾತು ಬರುವ ಸೆಂಟರ್ ಸ್ಪೀಕರ್ ಕೊನೆಗೂ ನಾನೇ ಜೋಡಿಸಿದೆ. ನೀವು ಅದನ್ನು ಟಿವಿ ಕೆಳಗಿನ ಗೂಡಿನೊಳಗೆ ತಳ್ಳಿಬಿಟ್ಟಿದ್ದಿರಿ, ಅದಕ್ಕೇ ಮಾತೆಲ್ಲ ಗುಂಯ್ ಅನ್ನುತ್ತಿತ್ತು. ಅಂಚಿಗೆ ಎಳೆದು, ಮುಂದುಗಡೆ ಅಡಿಗೆ ರಟ್ಟು ಮಡಿಸಿ ಕೊಟ್ಟು, ಸೋಫಾದ ಕಡೆ ಮುಖ ಎತ್ತಿ ಇಟ್ಟಿದ್ದೇನೆ. ಮತ್ತೆ ಒಳಗೆ ತಳ್ಳಬೇಡಿ. ರಿಮೋಟಿನಲ್ಲಿ ಅದರ ದನಿಯನ್ನಷ್ಟೇ ಮೂರು ಅಂಕ ಹೆಚ್ಚಿಸಿದ್ದೇನೆ.

ಆಮೇಲೆ ನಂದಿಗುಡಿಯ ಮದುವೆ ವಿಡಿಯೊ ಹಾಕಿದೆ. ಊಟದ ಪಂಕ್ತಿಯ ಹತ್ತಿರ ನಮ್ಮ ಚೈತ್ರಾ ಏನೋ ಹೇಳುವುದು ವಾದ್ಯದ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲವಲ್ಲ, ಇವತ್ತು ಕೇಳಿಸಿತು. ಅವತ್ತು ಬಡಿಸಲು ಬರಲಿಲ್ಲವೆಂದು ಅವಳನ್ನು ಎಲ್ಲರೆದುರು ಬೈದಿದ್ದೆ. ವಿಡಿಯೊದಲ್ಲಿ ನನ್ನನ್ನೇ ದೂರುತ್ತಿದ್ದಾಳೆ ಎಂದು, ಅವಳು ತೀರಿಕೊಂಡ ಈ ಏಳು ತಿಂಗಳೂ ನಂಬಿಕೊಂಡಿದ್ದೆ. ಮಗಳು ಹೇಳಿದ್ದು ಇಷ್ಟೇ: “ನಮ್ಮವ್ವ ಬೆಳಗ್ಗಿಂದ ಉಂಡಿಲ್ರಿ. ಮೊದ್ಲು ಆಕಿಗೆ ಬಡಸ್ರಿ.”

ಅನ್ನ, ಸಾರು ಮುಚ್ಚಿಟ್ಟಿದ್ದೇನೆ. ಉಂಡ ಮೇಲೆಯೇ ವಿಡಿಯೊ ಹಾಕಿ, ಮೊದಲು ಹಾಕಿದರೆ ನಿಮಗೆ ತುತ್ತು ಇಳಿಯುವುದಿಲ್ಲ. ನನಗೆ ಮನೆಯಲ್ಲಿ ಕೂರಲಾಗಲಿಲ್ಲ, ಹರಿಹರಕ್ಕೆ ಸುಷ್ಮಕ್ಕನ ಮನೆಗೆ ಹೋಗುತ್ತಿದ್ದೇನೆ. ಸಂಜೆ ನೀವೇ ಬಂದು ಕರೆದುಕೊಂಡು ಬನ್ನಿ. ಒಬ್ಬಳೇ ಬಂದು ಈ ಬಾಗಿಲು ತೆಗೆಯುವುದು ನನ್ನಿಂದ ಆಗುವುದಿಲ್ಲ.

ಪುಷ್ಪಲತಾ