ಕಪ್ಪಾದ ಕರವಸ್ತ್ರ

ಆಸ್ಪತ್ರೆಯ ಮೂರನೇ ಮಹಡಿ,
ಮೇ ೨೧, ಶುಕ್ರವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನಲ್ಲಿ ಮತ್ತೆ ಯಾರಿಗಾದರೂ ಜ್ವರ ಬಂತಾ? ನಿಮ್ಮನ್ನು ದಡಕ್ಕೆ ಇಳಿಸಿಕೊಳ್ಳುವವರೆಗೆ ಹೊಟ್ಟೆಗೆ ಸರಿಯಾಗಿ ತಿನ್ನು. ಸಿಟ್ಟು ಬಂದರೆ ಊಟ ಬಿಡುವ ನಿನ್ನ ಚಾಳಿ ನನಗೆ ಗೊತ್ತು.

ಕೊರೊನಾ ಸೋಂಕು ವಾಸಿಯಾಗಿ ಅಪ್ಪ ಮನೆಗೆ ಬಂದ ಹತ್ತನೇ ದಿನ ಮುಖ ಊದಿತು ಅಂದಿದ್ದೆನಲ್ಲ, ಅದು ಬೂಷ್ಟಂತೆ. ಹಳೇ ಬ್ರೆಡ್ಡಿಗೆ ಹಿಡಿಯುತ್ತದಲ್ಲ, ಅಂಥದ್ದೇ. ಮೊದಲೇ ಸಕ್ಕರೆ ಕಾಯಿಲೆ, ಅದರ ಮೇಲೆ ಉಸಿರಾಟಕ್ಕೆಂದು ಕೊಟ್ಟ ಸ್ಟೀರಾಯ್ಡ್. ಮೈಗೆ ತಡೆಯುವ ಶಕ್ತಿಯೇ ಉಳಿಯದೆ, ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹತ್ತಿದೆ. ಎಡಗಣ್ಣು ತೆಗೆದರು. ಬ್ಯಾಂಡೇಜು ಬಿಚ್ಚುವಾಗಿನ ವಾಸನೆ, ಎರಡು ಸಲ ತಲೆಗೆ ಸ್ನಾನ ಮಾಡಿದರೂ ನನ್ನ ಕೂದಲು ಬಿಟ್ಟು ಹೋಗಿಲ್ಲ. ನಿನ್ನೆ ಹೊರಗೋಡಿ ವಾಂತಿ ಮಾಡಿಕೊಂಡೆ. ಸ್ವಂತ ಅಪ್ಪನನ್ನು ಕಂಡು ಹೇಸುವ ನಾನು ಎಂಥ ಮಗಳು? ನರ್ಸಮ್ಮ ಮಾತ್ರ, “ಎಲ್ರಿಗೂ ಆಗತ್ತೆ ಮೇಡಂ, ಬಾಯಲ್ಲಿ ಉಸಿರಾಡಿ” ಅಂದು ಒಂದು ಲೋಟ ನೀರು ಕೊಟ್ಟರು.

ಈ ಹೇಸಿಗೆ ಇವತ್ತಿನದಲ್ಲ. ಜೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ಯಂತ್ರಕ್ಕೆ ಮಸಿಪುಡಿ ತುಂಬಿ ಬಂದ ಅಪ್ಪ ಮೂಗು ಒರೆಸಿಕೊಂಡರೆ ಕರವಸ್ತ್ರವೆಲ್ಲ ಕಪ್ಪು. “ಅಂಗಡೀನ ಮೂಗಲ್ಲೇ ಹೊತ್ಕೊಂಡು ಬಂದ್ರಾ?” ಅಂತ ಅಮ್ಮ ಇದ್ದಾಗ ರೇಗಿಸುತ್ತಿದ್ದಳು. ನಾನು ಅದನ್ನು ಎರಡೇ ಬೆರಳಲ್ಲಿ ಹಿಡಿದು, ಮುಖ ತಿರುಗಿಸಿಕೊಂಡು ಬಕೆಟ್ಟಿಗೆ ಹಾಕುತ್ತಿದ್ದೆ. ನೀನು ಕಿಸಕ್ಕನೆ ನಗುತ್ತಿದ್ದೆ, ನೆನಪಿದೆಯಾ?

“ಆಸ್ಪತ್ರೆಯವ್ರೇ ಅಪ್ಪನ್ನ ಹಾಳು ಮಾಡಿದ್ದು, ದೂರು ಕೊಡು ಅಕ್ಕಾ, ಸುಮ್ನೆ ಬಿಡ್ಬೇಡ” ಅಂದೆಯಲ್ಲ. ಆಸ್ಪತ್ರೆಯ ಕೊಳಕು ನೋಡಿ ನನಗೂ ರೋಸಿಹೋಗಿದೆ. ಬರೆಯಲು ಎರಡು ಸಲ ಕೂತೆ. ಇಂಗ್ಲಿಷು ಚೆನ್ನಾಗಿಯೇ ಶುರುವಾಗಿ ಮೂರನೇ ಸಾಲಿಗೆ ನಿಂತುಬಿಡುತ್ತದೆ.

ಅಪ್ಪನಿಗೆ ಇವತ್ತು ನನ್ನ ಗುರುತು ಸಿಕ್ಕಿತು. “ಹಡಗು ಬಂತಾ?” ಅಂದರು. ನಾಳೆ ಅಂದೆ. ಹುಷಾರಾಗಿರು.

ನಿನ್ನ
ಅಕ್ಕ

ತಾ.ಕ.: ದೂರು ಬರೆಯಲಾರೆ. ಮುಖ ಊದುವ ಆರು ದಿನ ಮುಂಚೆಯೇ ಅಪ್ಪನ ಕರವಸ್ತ್ರ ಕಪ್ಪಾಗಿತ್ತು. ಮಸಿಪುಡಿ ಅಂದುಕೊಂಡು, ಮುಖ ತಿರುಗಿಸಿಕೊಂಡು, ಬಕೆಟ್ಟಿಗೆ ಹಾಕಿದೆ. ಅಪ್ಪ ಹಾಸಿಗೆ ಹಿಡಿದು ಅಂಗಡಿಗೆ ಬೀಗ ಬಿದ್ದು ಆಗಲೇ ಒಂದು ತಿಂಗಳಾಗಿತ್ತು, ತಮ್ಮಾ. ಮೂಗಿನಿಂದ ಕಪ್ಪಗೆ ಏನಾದರೂ ಬಂದಿತ್ತಾ ಎಂದು ಡಾಕ್ಟರು ಕೇಳಿದಾಗ ಇಲ್ಲ ಅಂದೆ. ಮೊದಲು ನಿನಗೆ ಹೇಳಿದ್ದೇನೆ. ಈಗ ಎದ್ದು ಡಾಕ್ಟರ ಕೋಣೆಗೆ ಹೋಗುತ್ತೇನೆ.